ಲೈನ್ ಮನೆಯವ್ರಿಗೂ ಫೋನಲ್ಲಿ ಮನಸ್ಸಿನ ಡಾಕ್ಟ್ರು ಸಿಗಬೇಕಂದ್ರೆ ಏನ್ ಮಾಡ್ಬೇಕು

ಟೆಲಿ ಮಾನಸ್ ಅಂದ್ರೆ ಮನಸ್ಸಿನ ಕಷ್ಟಕ್ಕೆ ಅಂತ ಸರ್ಕಾರ ಇಟ್ಟಿರೋ ಫೋನ್ ಸಹಾಯವಾಣಿ, ನಂಬರ್ 14416, ದುಡ್ಡಿಲ್ಲ, ರಾತ್ರಿ ಹಗಲು ಯಾವಾಗ ಬೇಕಾದ್ರೂ ಮಾಡ್ಬಹುದು, 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು, ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ನಮ್ಮ ಮೂಡಿಗೆರೆ ಕಡೆ ಓದಿರೋ ತುಂಬಾ ಜನಕ್ಕೆ ಇದು ಗೊತ್ತು. ಆದ್ರೆ ತೋಟದ ಲೈನಲ್ಲಿ, ಅಂದ್ರೆ ಕೂಲಿಯವ್ರ ಸಾಲು ಮನೆಗಳಲ್ಲಿರೋ ದಲಿತ್ರಿಗೆ, ಕಾಡಂಚಿನ ಮಲೆಕುಡಿಯರ ಮನೆಗೆ, ಬೇಲೂರು ತಾಲೂಕಿನ ಅಂಗಡಿಹಳ್ಳಿಲಿರೋ ಹಕ್ಕಿಪಿಕ್ಕಿ ಜನಕ್ಕೆ, ಕಾಫಿ ಕೊಯ್ಲಿಗೆ ಬಂದಿರೋ ಅಸ್ಸಾಮಿನವ್ರಿಗೆ ನಂಬರ್ ಬರೆದ್ಕೊಟ್ಟು ಬಂದ್ರೆ ಕೆಲ್ಸ ಆಗಲ್ಲ. ಅವ್ರಿಗೆ ಮೊದ್ಲು ಬೇಕಾಗಿರೋದು ಕೂತು ಮಾತಾಡೋಕೆ ಒಂದು ಜಾಗ.

ನಾನೇ ಮಾಡಿದ ತಪ್ಪು ಹೇಳ್ತೀನಿ. ಮೊದಲ ಸಲ ಒಬ್ಬ ಅಕ್ಕನಿಗೆ ಫೋನ್ ಮಾಡಿಸಿದಾಗ ನೆಟ್‌ವರ್ಕ್ ಚೆನ್ನಾಗಿದೆ ಅಂತ ಸಾವ್ಕಾರ್ರ ಮನೆ ಜಗಲಿಗೇ ಕರ್ಕೊಂಡ್ ಹೋಗಿದ್ದೆ. ಅವ್ರು ಜಗಲಿ ಹತ್ತಲಿಲ್ಲ, ಕೆಳಗಿನ ಮೆಟ್ಲಲ್ಲಿ ಕೂತ್ರು, ಆ ಕಡೆ ರೈಟ್ರು ಹಾಜರಿ ಪುಸ್ತಕ ಬರೀತಾ ಇದ್ರು, ಈ ಕಡೆ ಮೇಸ್ತ್ರಿ ಓಡಾಡ್ತಾ ಇದ್ದ, ಫೋನಲ್ಲಿ ಕೇಳಿದ್ದಕ್ಕೆಲ್ಲ "ಏನಿಲ್ಲ ಮೇಡಂ, ಚೆನ್ನಾಗಿದೀನಿ" ಅಂದು ಎರಡು ನಿಮಿಷಕ್ಕೆ ಫೋನ್ ವಾಪಸ್ ಕೊಟ್ರು. ಲೈನಿಗೆ ವಾಪಸ್ ಹೋಗೋ ದಾರೀಲಿ ಹೇಳಿದ್ರು, ಮೂರು ವಾರದಿಂದ ನಿದ್ದೆ ಇಲ್ಲ, ಸೆರಗಲ್ಲಿ ಬಾಯಿ ಮುಚ್ಕೊಂಡು ಅಳ್ತೀನಿ ಮಕ್ಳಿಗೆ ಕೇಳಬಾರ್ದು ಅಂತ. ಅದನ್ನ ಕೂಲಿ ಕೊಡೋರ ಮುಂದೆ ಹೇಳ್ತಾರೇನ್ರಿ?

ಅದಕ್ಕೇ ಮೊದ್ಲು ಜಾಗ ಹುಡುಕಿ. ಫೋನ್ ಕೈಲಿ ಹಿಡ್ಕೊಂಡು ಲೈನ್ ಸುತ್ತ ಓಡಾಡಿ ನೋಡಿ, ಎಲ್ಲಿ ಸಿಗ್ನಲ್ ನಿಲ್ಲುತ್ತೆ, ಅಲ್ಲಿ ಮಾತಾಡಿದ್ರೆ ಯಾರ ಕಿವಿಗೆ ಬೀಳುತ್ತೆ. ಮಕ್ಳು ಮನೆಗೆ ಹೋದ್ಮೇಲೆ ಅಂಗನವಾಡಿ ಖಾಲಿ ಇರುತ್ತೆ, ಟೀಚರ್ ಒಪ್ಪಿದ್ರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಹತ್ರದಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಇದ್ರೆ ಅಲ್ಲಿಂದ ಇ-ಸಂಜೀವಿನಿಲಿ, ಅಂದ್ರೆ ಸರ್ಕಾರದ ಆನ್‌ಲೈನ್ ಡಾಕ್ಟ್ರ ಸೇವೆಲಿ, ಡಾಕ್ಟ್ರಿಗೆ ತೋರಿಸೋಕೂ ಆಗುತ್ತೆ, ಅಲ್ಲಿನ ಸಿಬ್ಬಂದಿನೇ ಕನೆಕ್ಟ್ ಮಾಡ್ಕೊಡ್ತಾರೆ. ಟೈಮು ಸಂಜೆ ಕೆಲ್ಸ ಬಿಟ್ಟ ಮೇಲೆ ಇಟ್ಕೊಳ್ಳಿ, ಕೊಯ್ಲಿನ ಟೈಮಲ್ಲಿ ಹಗಲು ಕರೆದ್ರೆ ಅವತ್ತಿನ ಕೂಲಿ ಹೋಗುತ್ತೆ. ಫೋನು ಕೀಪ್ಯಾಡ್ ಆದ್ರೂ ಸಾಕು, ಮಾತಾಡೋಕೆ ಸ್ಮಾರ್ಟ್‌ಫೋನೇ ಬೇಕಂತಿಲ್ಲ. ಮನೇಲಿರೋದು ಗಂಡನ ಫೋನ್ ಒಂದೇ ಆದ್ರೆ ಆಶಾ ಅಕ್ಕನ್ನೋ ನಂಬಿಕೆ ಇರೋ ಇನ್ಯಾರನ್ನೋ ಕೇಳಿ ಅವ್ರ ಫೋನಿಂದ ಮಾಡ್ಸಿ.

ನೀವು ಹೋಗಿ ಮಾತಾಡ್ಸೋ ರೀತಿನೂ ಮುಖ್ಯ. ಅಂಗಳದಲ್ಲೇ ನಿಂತು ಕೂಗಿ ಕರೆಯೋರ ಹತ್ರ ಯಾರೂ ಮನಸ್ಸು ಬಿಚ್ಚಲ್ಲ, ಒಳಗೆ ಹೋಗಿ ಕೂತ್ಕೊಳ್ಳಿ, ಟೀ ಕೊಟ್ರೆ ಕುಡೀರಿ. ಖಿನ್ನತೆ ಗಿನ್ನತೆ ಅನ್ನೋ ಪದ ಬೇಡ, ನಿದ್ದೆ ಬರುತ್ತಾ, ಊಟ ಸೇರುತ್ತಾ, ಎದೆ ಢವಢವ ಅನ್ನುತ್ತಾ ಅಂತ ಕೇಳಿ. ಗಾಳಿ ಸೋಕಿದೆ ಅಂದ್ರೆ ನಗಬೇಡಿ, ವಾದಕ್ಕೂ ಇಳೀಬೇಡಿ. ಜಾತಿ ಹಿಡಿದು ಬೈಸ್ಕೊಂಡಿದ್ದು, ಬೇರೆ ಲೋಟದಲ್ಲಿ ಕೊಟ್ಟಿದ್ದು, ಇದನ್ನೆಲ್ಲ ಕೌನ್ಸಿಲರ್‌ಗೆ ಹೇಳ್ಬಹುದು ಅಂತ ಮೊದ್ಲೇ ತಿಳಿಸಿ, ಯಾಕಂದ್ರೆ ಎಷ್ಟೋ ಜನ ಅದು ಕಾಯಿಲೆ ವಿಷ್ಯ ಅಲ್ಲ ಅಂತ ನುಂಗ್ಕೋತಾರೆ, ಮನಸ್ಸು ಮುರಿದಿರೋದೇ ಅಲ್ಲಿ.

ಭಾಷೆ ವಿಷ್ಯಕ್ಕೆ ಬಂದ್ರೆ, ಟೆಲಿ ಮಾನಸ್ 20 ಭಾಷೆಲಿದೆ, ತಮಿಳು ಅಸ್ಸಾಮಿ ಬಂಗಾಳಿ ಬೇಕಂದ್ರೆ ಕೇಳಿ. ಹಕ್ಕಿಪಿಕ್ಕಿಗಳ ವಾಗ್ರಿ ಅದ್ರಲ್ಲಿಲ್ಲ. ಅಂಥಾ ಕಡೆ ಜೊತೆಗೆ ಕೂತು ಕನ್ನಡಕ್ಕೆ ಹೇಳೋರು ಬೇಕು, ಯಾರು ಅಂತ ಆ ವ್ಯಕ್ತಿನೇ ಆರಿಸ್ಲಿ, ಮನೆ ಮಕ್ಳ ಕೈಲಿ ಮಾತ್ರ ಮಾಡಿಸ್ಬೇಡಿ. ಅಮ್ಮನ ಸಂಕಟನ ಹತ್ತು ವರ್ಷದ ಮಗು ಬಾಯಲ್ಲಿ ಹೇಳಿಸೋದು ಇಬ್ರಿಗೂ ಅನ್ಯಾಯ.

ಡಾಕ್ಟ್ರು ಮಾತ್ರೆ ಬೇಕು ಅಂದಾಗ ಒಂದು ತೊಡಕಿದೆ. 2020ರ ಟೆಲಿಮೆಡಿಸಿನ್ ನಿಯಮದ ಪ್ರಕಾರ ಕೆಲವು ಮಾತ್ರೆಗಳನ್ನ ಮೊದಲ ಸಲ ವಿಡಿಯೋಲಿ ನೋಡದೆ ಬರೆಯಂಗಿಲ್ಲ, ಇನ್ನು ಕೆಲವನ್ನ ಫೋನಲ್ಲಿ ಬರೆಯಂಗೇ ಇಲ್ಲ. ಹಾಗಾದಾಗ ತಾಲೂಕು ಆಸ್ಪತ್ರೆಲಿ ಮನೋಚೈತನ್ಯದ ಮಂಗಳವಾರ, ಅಂದ್ರೆ ಮನಸ್ಸಿನ ಡಾಕ್ಟ್ರು ಬಂದು ನೋಡೋ ದಿನ, ಯಾವತ್ತು ಅಂತ ವಿಚಾರಿಸ್ಕೊಂಡು ಜೊತೆಗೇ ಹೋಗಿ, ಬಸ್ ಚಾರ್ಜ್ ಯಾರು ಕೊಡ್ತಾರೆ ಅನ್ನೋದನ್ನೂ ಹಿಂದಿನ ದಿನವೇ ಮಾತಾಡ್ಕೊಳ್ಳಿ. ಅಲ್ಲಿ ಯಾರಾದ್ರೂ ಜಾತಿ ನೋಡಿ ಬೇರೆ ಥರ ನಡೆಸ್ಕೊಂಡ್ರೆ ಸುಮ್ನಿರ್ಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ 18ನೇ ಸೆಕ್ಷನ್ನಲ್ಲಿ ಜಾತಿ, ವರ್ಗ, ಧರ್ಮದ ಭೇದ ಇಲ್ದೆ ಚಿಕಿತ್ಸೆ ಸಿಗೋದು ಹಕ್ಕು ಅಂತಿದೆ, 23ನೇ ಸೆಕ್ಷನ್ನಲ್ಲಿ ಗುಟ್ಟು ಕಾಯ್ಬೇಕು ಅಂತಿದೆ. ಮೇಸ್ತ್ರಿ ಬಂದು ಅವ್ಳಿಗೇನಂತೆ ಅಂದ್ರೆ ನೀವೂ ಬಾಯಿ ಬಿಡ್ಬೇಡಿ.

ಯಾರಾದ್ರೂ ಸಾಯೋ ಮಾತಾಡಿದ್ರೆ ಒಂಟಿಯಾಗಿ ಬಿಡ್ಬೇಡಿ, ತೋಟಕ್ಕೆ ಹೊಡೆಯೋ ಔಷಧಿ ಬೀಗದೊಳಗೆ ಹಾಕ್ಸಿ, ಅಲ್ಲೇ ಕೂತು 14416ಕ್ಕೆ ಮಾಡಿ, ಕೈ ಮೀರ್ತಿದೆ ಅನ್ಸಿದ್ರೆ 108.

ಆ ಅಕ್ಕ ಎರಡನೇ ಸಲ ಅಂಗನವಾಡಿ ಅಡುಗೆ ಕೋಣೆಲಿ ಅಕ್ಕಿ ಮೂಟೆ ಮೇಲೆ ಕೂತು ಮಾತಾಡಿದ್ರು, ನಾನು ಹೊರಗೆ ಗೇಟ್ ಹತ್ರ ನಿಂತಿದ್ದೆ, ಮುಕ್ಕಾಲು ಗಂಟೆ ಆಯ್ತು. ಈಗ ಅವ್ರೇ ದಿನ ಗೊತ್ತು ಮಾಡ್ತಾರೆ. ಜೂನಲ್ಲಿ ಮಳೆ ಹಿಡಿದ್ರೆ ಕರೆಂಟ್ ಹೋಗುತ್ತೆ, ಸಿಗ್ನಲ್ಲೂ ಹೋಗುತ್ತೆ, ಹಾಗಾಗಿ ಮೇ ತಿಂಗಳಲ್ಲೇ ಡಾಕ್ಟ್ರ ಹತ್ರ ಮಾತಾಡಿ ಮಳೆಗಾಲಕ್ಕೆ ಎಷ್ಟು ದಿನದ ಮಾತ್ರೆ ಒಟ್ಟಿಗೆ ಕೊಡೋಕಾಗುತ್ತೆ ಅಂತ ಕೇಳ್ಕೊಳ್ಳಿ.