ಶಾಪದ ಸಾಲಿನಿಂದ ಶಾಸನ ಪಾಠ: ನನ್ನ ಅನುಭವ

ಬಿ.ಎ. ತರಗತಿಗೆ ಹೊಯ್ಸಳರ ಕಾಲದ ಶಾಸನ ಓದಿಸುವುದು ಆಗದ ಮಾತು ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಹೇಳದವರಿಲ್ಲ. ಎಂ.ಎ. ಮುಗಿಸಿದವರೇ ಕಲ್ಲಿನ ಮುಂದೆ ತಡವರಿಸುತ್ತಾರೆ, ಈ ಮಕ್ಕಳಿಗೆ ಲಿಪಿಶಾಸ್ತ್ರ ಯಾಕೆ, ಇಂಟರ್ನಲ್ಸ್ ಕೊಟ್ಟು ಪಾಸು ಮಾಡಿಸಿ ಸಾಕು ಎಂಬ ವಾದ. ಈಗ ಹಾಸನ ಸುತ್ತಿನ ಕಲ್ಲುಗಳನ್ನು ನನ್ನ ತರಗತಿಯ ಮುಕ್ಕಾಲು ಪಾಲು ಮಕ್ಕಳು ಅಕ್ಷರಪಟ್ಟಿ ಕೈಲಿಲ್ಲದೆ ಓದುತ್ತಾರೆ. ವಾದ ಮಾಡಿದವರೇ ತಮ್ಮ ವಿಭಾಗದ ಹುಡುಗರನ್ನು ಕಳಿಸುತ್ತಿದ್ದಾರೆ. ಆದ್ದರಿಂದ ವಿಧಾನ ಬರೆದಿಡುತ್ತಿದ್ದೇನೆ. ಶಾಸನ ಎಂದರೇನು, ಬ್ರಾಹ್ಮಿಯಿಂದ ಕನ್ನಡ ಲಿಪಿ ಹೇಗೆ ಬಂತು ಎಂಬುದೆಲ್ಲ ಇದನ್ನು ಓದುವವರಿಗೆ ಗೊತ್ತೇ ಇರುತ್ತದೆ.

ಮುಖ್ಯ ಸಂಗತಿ ಒಂದೇ. ಕಲ್ಲನ್ನು ಮೇಲಿನಿಂದ ಓದಿಸಬೇಡಿ, ಕೆಳಗಿನಿಂದ ಶುರು ಮಾಡಿ. ದಾನಶಾಸನದ ಕೊನೆಯಲ್ಲಿ ಶಾಪಾಶಯ, ಅಂದರೆ ದಾನ ಕಿತ್ತುಕೊಂಡವನಿಗೆ ಹಾಕುವ ಶಾಪ, ಇದ್ದೇ ಇರುತ್ತದೆ ಎನ್ನಬಹುದು. ಅದರಲ್ಲೂ ಈ ಶ್ಲೋಕ ಮೇಲಿಂದ ಮೇಲೆ ಸಿಗುತ್ತದೆ: ‘ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ, ಷಷ್ಟಿರ್ವರ್ಷ ಸಹಸ್ರಾಣಿ ವಿಷ್ಠಾಯಾಂ ಜಾಯತೇ ಕ್ರಿಮಿಃ’. ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಎಂದು ಹೇಳಿದರೆ ಹಿಂದಿನ ಬೆಂಚಿನವರೂ ಬಾಯಿಪಾಠ ಮಾಡುತ್ತಾರೆ. ಮಾಡಿಸಿದ ಮೇಲೆಯೇ ಕಲ್ಲಿನ ಹತ್ತಿರ ಕರೆದೊಯ್ಯಬೇಕು. ಅಲ್ಲಿ ಏನು ಬರೆದಿದೆ ಎಂದು ಮೊದಲೇ ಗೊತ್ತು, ಅಕ್ಷರದ ರೂಪ ಮಾತ್ರ ಗೊತ್ತಿಲ್ಲ. ಗೊತ್ತಿರುವುದನ್ನು ಹಿಡಿದು ಗೊತ್ತಿಲ್ಲದ್ದನ್ನು ಅವರೇ ಎಳೆದುಕೊಳ್ಳುತ್ತಾರೆ.

ಶ್ಲೋಕ ಎಲ್ಲಿದೆ ಎಂದು ಹುಡುಕುವುದಕ್ಕೆ ಒಂದು ಗುರುತಿದೆ. ಕೊನೆಯ ಐದಾರು ಸಾಲುಗಳಲ್ಲಿ ಒಂದೇ ಆಕಾರದ ಎರಡಕ್ಷರದ ಜೋಡಿ, ನಡುವೆ ಎರಡೇ ಅಕ್ಷರ ಬಿಟ್ಟು, ಮತ್ತೆ ಬಂದಿದೆಯೇ ನೋಡಿ. ‘ದತ್ತಾಂ ಪರ ದತ್ತಾಂ’. ಸಿಕ್ಕಿತೆಂದರೆ ಮುಂದೆ ಎಣಿಸಿಕೊಂಡು ಹೋಗುವುದು: ಪಾದಕ್ಕೆ ಎಂಟು, ಒಟ್ಟು 32 ಅಕ್ಷರ. 17 ಮತ್ತು 18ನೆಯವು ‘ಷ ಷ್ಟಿ’, ಮೊದಲನೆಯದರ ಆಕಾರವೇ ಎರಡನೆಯದರ ಹೊಟ್ಟೆಯಲ್ಲಿ ಕೂತಿರುತ್ತದೆ. ಅಲ್ಲಿ ಲೆಕ್ಕ ತಾಳೆಯಾದರೆ ಶ್ಲೋಕ ಅದೇ. ನಾಲ್ಕು ಮುಖದ ಕಂಬವಾದರೆ ಕೊನೆಯ ಮುಖದ ಬುಡ ನೋಡಬೇಕು. ಬುಡ ಮಣ್ಣಿನಲ್ಲಿ ಹೂತಿದ್ದರೆ ಆ ಕಲ್ಲನ್ನು ಬಿಟ್ಟುಬಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಒಂದು ಶ್ಲೋಕದಿಂದ 16 ವ್ಯಂಜನ ಬರುತ್ತವೆ: ಸ, ವ, ದ, ತ, ಪ, ರ, ಯ, ಹ, ಧ, ಷ, ಟ, ಠ, ಣ, ಜ, ಕ, ಮ. ಆ, ಇ, ಉ, ಏ, ಓ ಕಾರಗಳು, ಅನುಸ್ವಾರ, ವಿಸರ್ಗ, ಏಳೆಂಟು ಒತ್ತಕ್ಷರ ಬೇರೆ. ಇಷ್ಟಾದ ಮೇಲೆ ಕಲ್ಲಿನ ನೆತ್ತಿಗೆ ಹೋಗಬೇಕು. ಅಲ್ಲಿ ಲಿಂಗ, ಎದುರು ನಂದಿ ಕೊರೆದಿದ್ದರೆ ಮೊದಲ ಸಾಲು ಬಹುತೇಕ ‘ನಮಸ್ತುಂಗ ಶಿರಶ್ಚುಂಬಿ ಚಂದ್ರಚಾಮರ ಚಾರವೇ, ತ್ರೈಲೋಕ್ಯ ನಗರಾರಂಭ ಮೂಲಸ್ತಂಭಾಯ ಶಂಭವೇ’. ಇದರಿಂದ ನ, ಗ, ಶ, ಚ, ಬ, ಲ, ಭ ಸಿಕ್ಕಿ ವ್ಯಂಜನಗಳು 23 ಆದವು. ಮುಕ್ಕೊಡೆಯ (ಒಂದರ ಮೇಲೊಂದು ಮೂರು ಕೊಡೆ) ಕೆಳಗೆ ಜಿನ ಕೂತಿದ್ದರೆ ‘ಶ್ರೀಮತ್ಪರಮಗಂಭೀರ ಸ್ಯಾದ್ವಾದಾಮೋಘಲಾಂಛನಂ’. ಇದರಲ್ಲಿ ಘ, ಛ ಉಚಿತವಾಗಿ ಬರುತ್ತವೆ. ಉಳಿದವುಗಳಲ್ಲಿ ಳ, ಡ ಎರಡನ್ನು ‘ಮಲೆಪರೊಳ್ಗಂಡ’ ಎಂಬ ಹೊಯ್ಸಳ ಬಿರುದಿನಲ್ಲಿ ಹಿಡಿಯಬಹುದು. ಬುಡ, ನೆತ್ತಿ, ಬಿರುದು ಆಯಿತು. ಈಗ ನಡುಭಾಗಕ್ಕೆ ಇಳಿದರೆ ಮಕ್ಕಳು ತಾವಾಗಿಯೇ ಓದಲು ಶುರು ಮಾಡುತ್ತಾರೆ. ಅಲ್ಲಿಯವರೆಗೆ ಮುದ್ರಿತ ಪಾಠ ಕೈಗೆ ಕೊಡಕೂಡದು. ಶಾಸನಗಳನ್ನು ಅಚ್ಚು ಹಾಕಿಸಿದ ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ 5ನೇ ಸಂಪುಟ (1902) ಇರಲಿ, ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟ ಇರಲಿ, ಬ್ಯಾಗಿನೊಳಗೇ ಇರಬೇಕು. ಒಮ್ಮೆ ನೋಡಿದರೆಂದರೆ ಕಣ್ಣು ಕಲ್ಲಿನ ಮೇಲಿದ್ದರೂ ಓದುವುದು ಪುಸ್ತಕವನ್ನೇ.

ಎಡವುವ ಜಾಗಗಳು ಇವೆ. ‘ಷಷ್ಟಿರ್ವರ್ಷ’ ಎಂದು ಕಾಯುತ್ತಿದ್ದರೆ ಕಲ್ಲಿನಲ್ಲಿ ‘ಷಷ್ಟಿಂ ವರ್ಷ’ ಇರಬಹುದು, ಒಂದು ಅನುಸ್ವಾರ ಬಿಟ್ಟುಹೋಗಿರಬಹುದು. ಎ, ಏ ಎರಡಕ್ಕೂ ಒಂದೇ ಗುರುತು, ಒ, ಓ ಎರಡಕ್ಕೂ ಒಂದೇ. ಹ್ರಸ್ವವೋ ದೀರ್ಘವೋ ಎಂದು ಅರ್ಥ ನೋಡಿ ತೀರ್ಮಾನಿಸಬೇಕು. ರೇಫದ, ಅಂದರೆ ‘ರ್’ನ, ಪಕ್ಕದ ವ್ಯಂಜನ ಇಮ್ಮಡಿಯಾಗಿ ‘ಧರ್ಮ್ಮ’, ‘ಪೂರ್ವ್ವ’ ಎಂದು ಇರುವುದು ತಪ್ಪಲ್ಲ, ಅಂದಿನ ರೂಢಿ. ಸವೆದ ಕಲ್ಲಿನಲ್ಲಿ ಪ, ವ, ಮ ಒಂದರ ಜಾಗದಲ್ಲಿ ಒಂದು ಕಾಣುತ್ತವೆ. ಇದಕ್ಕೆ ಮದ್ದು, ಅದೇ ಕಲ್ಲಿನ ಶಾಪದ ಸಾಲಿನ ಪ, ವ, ಮ ಅಕ್ಷರಗಳನ್ನು ಬರೆದುಕೊಂಡು ಪಕ್ಕದಲ್ಲಿ ಹಿಡಿದು ಹೋಲಿಸುವುದು. ಬರೆದವನ ಕೈ ಒಂದೇ ತಾನೆ.

ಅಕ್ಷರಪಟ್ಟಿಯ ಹಾದಿ ಯಾಕೆ ಫಲಿಸುವುದಿಲ್ಲ? ಪಟ್ಟಿಯ ಅಕ್ಷರ ಸವೆಯದ ಅಕ್ಷರ. ಅಶೋಕನಿಂದ ಹಿಡಿದು ಶತಮಾನಕ್ಕೊಂದು ಕಂಬಸಾಲು ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯುತ್ತಾರೆ, ದೊಡ್ಡಗದ್ದವಳ್ಳಿಯ ಕಲ್ಲಿನ ಮುಂದೆ ನಿಲ್ಲಿಸಿದರೆ ‘ಶ್ರೀ’ ಬಿಟ್ಟು ಬೇರೇನೂ ಹೊರಡುವುದಿಲ್ಲ. ಹಲ್ಮಿಡಿಯಿಂದ ಪಾಠ ಶುರು ಮಾಡುವ ಚಟವೂ ಬಿಡಬೇಕು. ಬೇಲೂರು ತಾಲ್ಲೂಕಿನದೇ ಕಲ್ಲು, ಅಭಿಮಾನ ಇರಲಿ. ಆದರೆ 5ನೇ ಶತಮಾನದ ಆ ಅಕ್ಷರಕ್ಕೂ 12ನೇ ಶತಮಾನದ ಅಕ್ಷರಕ್ಕೂ ಬಹಳ ದೂರ. ಅಲ್ಲಿಯ ಶಾಪವೂ ಶ್ಲೋಕವಲ್ಲ, ‘ಮಹಾಪಾತಕಮ್’ ಎಂದು ಮುಗಿಸಿದ್ದಾರೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ವೀರಗಲ್ಲುಗಳಲ್ಲೂ ಈ ವಿಧಾನ ಅಷ್ಟಾಗಿ ನಡೆಯದು. ಶಿಲ್ಪದ ಪಟ್ಟಿಕೆಗಳ ನಡುವೆ ಎರಡು ಮೂರು ಸಾಲು ಇರುತ್ತದೆ, ಶಾಪ ಇಲ್ಲದಿರುವುದೇ ಹೆಚ್ಚು.

ಇನ್ನು ಬೆಳಕು. ನಡುಹಗಲಿನಲ್ಲಿ ಕಲ್ಲಿಗೆ ನೇರ ಬಿಸಿಲು ಬಿದ್ದರೆ ಅಕ್ಷರ ಸತ್ತಂತೆ. ಕಲ್ಲಿನ ಮುಖಕ್ಕೆ ಹತ್ತು ಹದಿನೈದು ಡಿಗ್ರಿ ಓರೆಯಲ್ಲಿ ಬೆಳಕು ಬೀಳಬೇಕು. ಇದಕ್ಕೆ ದುಬಾರಿ ಲೈಟು ಬೇಡ. ಒಂದು ಅಡಿಗೆ ಒಂದೂವರೆ ಅಡಿಯ ಕನ್ನಡಿ, ಒಂದು ಕೊಡೆ, ಒಂದು ಕಪ್ಪು ಬಟ್ಟೆ ಸಾಕು. ಬಟ್ಟೆ ಕಟ್ಟಿ, ಕೊಡೆ ಹಿಡಿದು ಕಲ್ಲಿಗೆ ಪೂರ್ತಿ ನೆರಳು ಮಾಡಿ, ದೂರದಲ್ಲಿ ನಿಂತವನು ಕನ್ನಡಿಯಿಂದ ಬಿಸಿಲನ್ನು ಪಕ್ಕದಿಂದ ಸವರಿಸಬೇಕು. ಎಡದಿಂದ ಬಿಟ್ಟರೆ ಉದ್ದಗೆರೆ ಏಳುತ್ತವೆ, ಮೇಲಿನಿಂದ ಬಿಟ್ಟರೆ ತಲೆಕಟ್ಟು ಏಳುತ್ತದೆ. ಎರಡೂ ಫೋಟೊ ಬೇಕು. ಕನ್ನಡಿಗೆ ಚೌಕಟ್ಟು ಸೇರಿ ನಾನೂರು ಐನೂರು ಕೊಟ್ಟ ನೆನಪು. ಒಡೆಯುವುದು ಬಸ್ಸಿನಲ್ಲಿ, ಹಿಂದೆ ರಟ್ಟು ಅಂಟಿಸಿ. ಮೋಡದ ದಿನ ಮೊಬೈಲ್ ಟಾರ್ಚ್ ಸಾಲದು, ಕೈಗೆ ಹಿಡಿಯುವ ದೊಡ್ಡ ಟಾರ್ಚ್ ಬೇಕು.

ಸೀಮೆಸುಣ್ಣ, ಬೂದಿ, ಹಿಟ್ಟು ಬಳಿಯುವ ಹಳೆಯ ಅಭ್ಯಾಸ ಬೇಡವೇ ಬೇಡ. ಬಳಿಯುವವನು ತನಗೆ ಕಂಡ ಗೆರೆಯನ್ನೇ ತುಂಬುತ್ತಾನೆ, ಮುಂದಿನವನು ಆ ಬಳಿದದ್ದನ್ನೇ ಓದುತ್ತಾನೆ. ಬಳಪದ ಕಲ್ಲಂತೂ ಮೆತ್ತಗೆ, ಉಗುರಿಗೂ ಗೀಚಾಗುತ್ತದೆ. ಕಲ್ಲುಹೂವು ಕೆರೆಯಬಾರದು, ತಂತಿ ಬ್ರಷ್, ಆಸಿಡ್ ಮುಟ್ಟಿಸಬಾರದು. ನೀರು, ಮೆತ್ತನೆಯ ನೈಲಾನ್ ಬ್ರಷ್, ಅಷ್ಟೇ.

ಪಡಿಯಚ್ಚು, ಅಂದರೆ ಕಲ್ಲಿಗೆ ಒದ್ದೆ ಕಾಗದ ಹಾಸಿ ಮಸಿ ತಟ್ಟಿ ಅಕ್ಷರದ ನಕಲು, ತೆಗೆಯುವ ಆಸೆ ಮಕ್ಕಳಿಗೆ ಸಹಜ. ಬೇಲೂರು, ಹಳೇಬೀಡುಗಳಲ್ಲಿ ಅದರ ಮಾತೇ ಎತ್ತಬೇಡಿ. ಪುರಾತತ್ವ ಸರ್ವೇಕ್ಷಣದ ಸ್ಮಾರಕಗಳು, 2023ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲೂ ಇವೆ. ಅಲ್ಲಿ ಕಣ್ಣು ಮತ್ತು ಕ್ಯಾಮೆರಾ ಮಾತ್ರ. ಅಚ್ಚಿಗೆ ನಾನು ಆರಿಸುವುದು ರಕ್ಷಿತ ಪಟ್ಟಿಯಲ್ಲಿಲ್ಲದ, ಊರವರು ಒಪ್ಪಿದ ಕಲ್ಲು. ಒಂದು ಅಚ್ಚಿಗೆ ಕಾಗದ, ಮಸಿ ಸೇರಿ ನೂರು ನೂರೈವತ್ತು ಬೀಳುತ್ತದೆ, ಅರ್ಧಕ್ಕರ್ಧ ಹರಿದುಹೋಗುತ್ತವೆ ಎಂದೇ ಲೆಕ್ಕ ಹಾಕಿ. ಅಂಟು ಹಾಕದ ಕೈಕಾಗದ ಬೇಕು, ಡ್ರಾಯಿಂಗ್ ಹಾಳೆ ಅಕ್ಷರದೊಳಗೆ ಇಳಿಯದೆ ಬಿರಿಯುತ್ತದೆ. ಒದ್ದೆ ಕಾಗದವನ್ನು ನಡುವಿನಿಂದ ಅಂಚಿಗೆ ಗಾಳಿ ತಳ್ಳುತ್ತಾ ಹಾಸಿ, ಗಟ್ಟಿಕೂದಲಿನ ಬ್ರಷ್ಷಿನಿಂದ ನೇರ ಕುಟ್ಟಬೇಕು, ಉಜ್ಜಬಾರದು. ಹರಿದ ಕಡೆ ಅದೇ ಕಾಗದದ ಒದ್ದೆ ತುಂಡು ಇಟ್ಟು ಮತ್ತೆ ಕುಟ್ಟಿದರೆ ಕೂಡಿಕೊಳ್ಳುತ್ತದೆ.

ಎಲ್ಲ ಇರುವುದು ಮಸಿ ಹಾಕುವ ಹೊತ್ತಿನಲ್ಲಿ. ಬೇಗ ಹಾಕಿದರೆ ಮಸಿ ಅಕ್ಷರದೊಳಗೆ ಹರಿದು ಎಲ್ಲ ಕಪ್ಪು. ತಡವಾದರೆ ಕಾಗದ ಕಲ್ಲು ಬಿಟ್ಟು ಸುಕ್ಕಾಗುತ್ತದೆ. ಅಂಗೈ ಹಿಂಬದಿ ಇಟ್ಟರೆ ತಂಪು ತಗುಲಬೇಕು, ತೇವ ಅಂಟಬಾರದು. ಅರಸೀಕೆರೆ ಕಡೆ ಬೇಸಿಗೆ ಗಾಳಿಗೆ ಇದು ಕಾಲು ಗಂಟೆಯೊಳಗೆ ಬಂದುಬಿಡುತ್ತದೆ. ಮೂಡಿಗೆರೆ, ಸಕಲೇಶಪುರ ಕಡೆ ಮಳೆಗಾಲ ಮುಗಿದ ಹೊಸತರಲ್ಲಿ ಗಂಟೆಗಟ್ಟಲೆ ಕಾದರೂ ಬರುವುದಿಲ್ಲ, ಜನವರಿ ನಂತರ ಹೋಗಿ. ಮಸಿ ಎಂದರೆ ದೀಪದ ಕಾಡಿಗೆ, ಗೋಂದು ನೀರು, ಇನ್ನೊಂದು ಸಾಮಾನು. ಅದನ್ನು ನನಗೆ ಕಲಿಸಿದವರೂ ಸುಲಭಕ್ಕೆ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಹತ್ತಿಯುಂಡೆಗೆ ಬಟ್ಟೆ ಸುತ್ತಿ, ಮಸಿ ಅದ್ದಿ, ಮೊದಲು ರದ್ದಿ ಕಾಗದದ ಮೇಲೆ ಎರಡು ಸಲ ತಟ್ಟಿ, ಆಮೇಲೆ ಅಚ್ಚಿನ ಮೇಲೆ. ಬಳಪದ ಕಲ್ಲಿಗೆ ಎರಡು ಪದರ ಕಾಗದ ಕಡ್ಡಾಯ, ಮಸಿ ಕಲ್ಲಿಗೆ ಇಳಿಯಬಾರದು.

ಹೂತ ಕಲ್ಲು ಬಿಡಿ ಎಂದೆನಲ್ಲ. ಹಳ್ಳಿಯಲ್ಲಿ ಕಲ್ಲಿನ ಸುತ್ತ ನಾಲ್ಕು ಜನ ಕೂತು ಬರೆದುಕೊಂಡರೆ ಮೊದಲು ಬರುವ ಅನುಮಾನ ನಿಧಿ. ಗುದ್ದಲಿ ಕಂಡರಂತೂ ಮುಗಿಯಿತು. ಕಾಲೇಜಿನ ಲೆಟರ್‌ಹೆಡ್ ಪತ್ರ ಗ್ರಾಮ ಪಂಚಾಯಿತಿಗೆ ಮೊದಲೇ ತಲುಪಿಸಿ, ಆ ಊರಿನ ಶಾಲೆಯ ಮೇಷ್ಟ್ರನ್ನು ಜೊತೆಗೆ ಕರೆದುಕೊಳ್ಳಿ. ಪೂಜೆ ನಡೆಯುವ ಕಲ್ಲಾದರೆ ಚಪ್ಪಲಿ ಬಿಟ್ಟು, ‘ಅಜ್ಜಿ, ನೀರು ಹಾಕಿ ತೊಳೀಬೋದಾ’ ಎಂದು ಕೇಳಿಯೇ ಮುಟ್ಟುವುದು. ಓದಿದ್ದನ್ನು ಅಲ್ಲೇ ಗಟ್ಟಿಯಾಗಿ ಓದಿ ಹೇಳಿಸಿ. ಊರಿನ ಕೆರೆಯ ಹೆಸರು ಬಂದರೆ ಕಾಫಿ ತಾನಾಗಿ ಬರುತ್ತದೆ.

ಕಾಲ ತಾಳೆ ನೋಡುವುದು ವಾಣಿಜ್ಯ ವಿಭಾಗದ ಹುಡುಗರಿಗೆ ಭಾರಿ ಇಷ್ಟ. ಗತ (ಮುಗಿದ) ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರ, ಸೊನ್ನೆ ಉಳಿದರೆ ಅರವತ್ತನೆಯದು. ಬೇಲೂರಿನ ದೇವರ ಪ್ರತಿಷ್ಠೆ ಶಕ 1039: 12 ಕೂಡಿದರೆ 1051, ಶೇಷ 31, ಹೇವಿಳಂಬಿ. ಕ್ರಿ.ಶ. 1117. ಕೋರವಂಗಲದ ಬೂಚೇಶ್ವರ ದೇವಾಲಯ ಕಟ್ಟಿದ್ದು 1173, ಅಂದರೆ ಶಕ 1095: ಶೇಷ 27, ವಿಜಯ. ಒಂದು ವರ್ಷ ಹೆಚ್ಚುಕಮ್ಮಿ ಬಂದರೆ ಕಲ್ಲಿನಲ್ಲಿರುವುದು ವರ್ತಮಾನ (ನಡೆಯುತ್ತಿರುವ) ಶಕವೋ ಎಂದು ನೋಡಿ. ಹತ್ತು ಇಪ್ಪತ್ತು ವ್ಯತ್ಯಾಸ ಬಂದರೆ ಅಂಕಿ ಓದಿದ್ದು ತಪ್ಪು. ಅಂಕಿ ಅಳಿಸಿ ಸಂವತ್ಸರದ ಹೆಸರು ಉಳಿದಿರುವ ಕಡೆ, ರಾಜ ಯಾರೆಂದು ಗೊತ್ತಾದರೆ, ವರ್ಷವನ್ನು ಹಿಮ್ಮುಖವಾಗಿ ಕಟ್ಟಬಹುದು. ಇದೇ ಹುಡುಗರಿಂದ ಗದ್ಯಾಣ, ಪಣ, ಹಾಗ ಎಂಬ ಅಂದಿನ ನಾಣ್ಯಗಳ ಲೆಕ್ಕಪಟ್ಟಿಯನ್ನೂ ಮಾಡಿಸುತ್ತಿದ್ದೇನೆ, ಅದಿನ್ನೂ ಅರ್ಧಂಬರ್ಧ.

ಬಳಪದ ಕಲ್ಲಿನ ಚೂರಿನಲ್ಲಿ ತಮ್ಮ ಹೆಸರನ್ನು ಹೊಯ್ಸಳ ಅಕ್ಷರದಲ್ಲಿ ಕೊರೆಸಿ ನೋಡಿದೆ. ಪಾಠಕ್ಕೆ ತುಂಬಾ ಒಳ್ಳೆಯದು, ಸಮಯ ಮಾತ್ರ ತಿನ್ನುತ್ತದೆ. ಮೊಬೈಲಿನ ಅಕ್ಷರ ಗುರುತಿಸುವ ಆ್ಯಪ್‌ಗಳು ಹೊಸಗನ್ನಡದ ಮುದ್ರಣಕ್ಕೆ ಸರಿ, ಕಲ್ಲಿನ ಮುಂದೆ ಕೈಚೆಲ್ಲುತ್ತವೆ.

ಖರ್ಚಿನಲ್ಲಿ ದೊಡ್ಡದು ವಾಹನ. ಟೆಂಪೊ ಟ್ರಾವೆಲರ್ ಮಾಡಿದರೆ ದಿನಕ್ಕೆ ಐದಾರು ಸಾವಿರ, ಕಾಲೇಜಿನಿಂದ ಒಂದು ಪೈಸೆ ಹುಟ್ಟುವುದಿಲ್ಲ. ಮೊಸಳೆ, ಕೋರವಂಗಲ, ದೊಡ್ಡಗದ್ದವಳ್ಳಿ ಮೂರು ಊರೂ ಹಾಸನದ ಮಗ್ಗುಲಲ್ಲೇ ಇವೆ. ಸಾರಿಗೆ ಬಸ್ಸು ಹಿಡಿದು, ಉಳಿದ ದಾರಿ ನಡೆದು, ಬುತ್ತಿ ಕಟ್ಟಿಕೊಂಡು ಹೋದರೆ ತಲೆಗೆ ನೂರು ರೂಪಾಯಿಯೊಳಗೆ ಮುಗಿಯುತ್ತದೆ. ನಾಲ್ಕೈದು ಜನಕ್ಕೊಂದು ತಂಡ, ತಂಡಕ್ಕೆ ಕಲ್ಲಿನ ಒಂದು ಮುಖ. ನಲವತ್ತು ಜನ ಒಂದೇ ಕಲ್ಲಿಗೆ ಮುತ್ತಿದರೆ ಓದುವವರು ಮೂವರು, ಉಳಿದವರು ಸೆಲ್ಫಿಗೆ.

ಅಂಕ ಕೊಡುವುದನ್ನು ಬದಲಿಸದಿದ್ದರೆ ಇದೆಲ್ಲ ನಿಷ್ಫಲ. ಪೂರ್ತಿ ಪಾಠ ಕೇಳಿದರೆ ಮಕ್ಕಳು ಊಹಿಸಿ ತುಂಬುತ್ತಾರೆ. ಹಾಗಾಗಿ ಆರು ಸಾಲು ಮಾತ್ರ. ಸ್ಪಷ್ಟ ಅಕ್ಷರ ಹಾಗೇ ಬರೆಯಬೇಕು, ಅನುಮಾನದ್ದು ಚೌಕ ಆವರಣದಲ್ಲಿ, ಅಳಿಸಿಹೋದದ್ದಕ್ಕೆ ಅಕ್ಷರಕ್ಕೊಂದು ಚುಕ್ಕೆ. ಆವರಣದೊಳಗಿನ ತಪ್ಪಿಗೆ ಅಂಕ ಕಳೆಯುವುದಿಲ್ಲ, ಆವರಣವಿಲ್ಲದ ತಪ್ಪಿಗೆ ಅರ್ಧ ಕಳೆಯುತ್ತೇನೆ. ಎರಡನೇ ಪರೀಕ್ಷೆಯ ಹೊತ್ತಿಗೆ ಊಹೆ ತಾನಾಗಿ ನಿಲ್ಲುತ್ತದೆ. ಪರೀಕ್ಷೆಯ ಕಲ್ಲು ಯಾವ ಊರಿನದು ಎಂದು ಕೇಳಬೇಡಿ. ಸಂಪುಟ ತೆಗೆದು ಉತ್ತರ ಹುಡುಕಿಕೊಳ್ಳಲಾಗದಂಥ ಕಲ್ಲುಗಳು ಈ ಜಿಲ್ಲೆಯಲ್ಲಿ ಇನ್ನೂ ಇವೆ, ಸುತ್ತಾಡಿದವರಿಗೆ ಸಿಗುತ್ತವೆ.

ತೆಗೆದ ಅಚ್ಚುಗಳನ್ನು ಮಡಿಸಬೇಡಿ, ಮಡಿಕೆಯ ಸಾಲು ಮೊದಲು ಸೀಳುತ್ತದೆ. ದಪ್ಪ ಪಿವಿಸಿ ಕೊಳವೆಗೆ ಸುತ್ತಿ, ಮೇಲೆ ಹಳೇ ಹತ್ತಿ ಸೀರೆ ತುಂಡು. ಹಿಂಬದಿಯ ಮೂಲೆಯಲ್ಲಿ ಊರು, ಕಲ್ಲಿರುವ ಜಾಗ, ಯಾವ ಮುಖ, ತೆಗೆದ ದಿನ, ಮೇಲ್ತುದಿ ಯಾವುದು ಎಂದು ಪೆನ್ಸಿಲಿನಲ್ಲೇ ಬರೆಯಿರಿ. ಸ್ಕೆಚ್ ಪೆನ್ನಿನ ಶಾಯಿ ಮಲೆನಾಡಿನ ತೇವಕ್ಕೆ ಮುಂಬದಿಗೆ ಇಳಿದು ಅಕ್ಷರದ ಜೊತೆ ಸೇರಿಕೊಳ್ಳುತ್ತದೆ.