ಹಳೆಯ ಏರೇಶನ್ ಟ್ಯಾಂಕಿನಲ್ಲೇ ಸಾರಜನಕ ಇಳಿಸಿದ ನನ್ನ ಅನುಭವ

ವರ್ತೂರು ಕಡೆಯ ಅಪಾರ್ಟ್‌ಮೆಂಟೊಂದರ ದಿನಕ್ಕೆ 200 ಸಾವಿರ ಲೀಟರ್ (200 ಕೆಎಲ್‌ಡಿ) ಕೊಳಚೆ ನೀರು ಶುದ್ಧಿಸುವ ಘಟಕದಲ್ಲಿ (ಎಸ್‌ಟಿಪಿ) ಒಟ್ಟು ಸಾರಜನಕವನ್ನು ಲೀಟರಿಗೆ 10 ಮಿಲಿಗ್ರಾಂಗೆ ಇಳಿಸಬೇಕಾಗಿ ಬಂದಾಗ, ಹಳೆಯ ಟ್ಯಾಂಕುಗಳಲ್ಲಿ ಅದು ಆಗದ ಮಾತು, ಪೊರೆಯಿಂದ ನೀರು ಸೋಸುವ ಎಂಬಿಆರ್ ಹಾಕದೆ ಗತ್ಯಂತರವಿಲ್ಲ ಎಂದು ಇಬ್ಬರು ಸಲಹೆಗಾರರು ಬರೆದುಕೊಟ್ಟಿದ್ದರು. ಅವರ ಅಂದಾಜು ಅರವತ್ತು ಲಕ್ಷ ದಾಟಿತ್ತು. ನನ್ನ ಕೆಲಸ ಏಳು ಲಕ್ಷದೊಳಗೆ ಮುಗಿಯಿತು. ಅದರಲ್ಲಿ ಒಂದೂವರೆ ಲಕ್ಷ ನನ್ನ ತಪ್ಪುಗಳಿಗೇ ಹೋಯಿತೆಂಬುದನ್ನೂ ಹೇಳಬೇಕು.

ಕೊಳಚೆಯ ಅಮೋನಿಯಾ ಏರೇಶನ್ ಟ್ಯಾಂಕಿನಲ್ಲಿ, ಅಂದರೆ ಗಾಳಿ ಊದುವ ಟ್ಯಾಂಕಿನಲ್ಲಿ, ಬ್ಯಾಕ್ಟೀರಿಯಾಗಳಿಂದ ನೈಟ್ರೇಟಾಗುತ್ತದೆ; ಆಮ್ಲಜನಕವಿಲ್ಲದ ಕಡೆ ಆ ನೈಟ್ರೇಟು ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ನನಗೆ ಧೈರ್ಯ ಬಂದದ್ದು ಕೆಸರು ತಳಕ್ಕಿಳಿಯಬೇಕಾದ ಟ್ಯಾಂಕನ್ನು, ಅಂದರೆ ಕ್ಲಾರಿಫೈಯರನ್ನು ನೋಡಿ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಹೆಪ್ಪುಹೆಪ್ಪಾಗಿ ತೇಲುತ್ತಿತ್ತು, ಕೋಲಿನಿಂದ ಕದಡಿದರೆ ಗುಳ್ಳೆ ಬಿಟ್ಟು ಮುಳುಗುತ್ತಿತ್ತು. ನೈಟ್ರೇಟು ಅನಿಲವಾಗುವ ಕೆಲಸ ತಾನಾಗಿಯೇ ನಡೆದಿತ್ತು, ಆದರೆ ನಡೆಯಬಾರದ ಜಾಗದಲ್ಲಿ.

ಏರೇಶನ್ ಟ್ಯಾಂಕಿನ ಮೊದಲ ಮೂರನೆಯ ಒಂದು ಭಾಗಕ್ಕೆ ಎಫ್‌ಆರ್‌ಪಿ (ಫೈಬರ್ ಪ್ಲಾಸ್ಟಿಕ್) ಅಡ್ಡಗೋಡೆ ಹಾಕಿ, ಅಲ್ಲಿನ ಗಾಳಿ ಬಿಡುವ ಡಿಫ್ಯೂಸರ್‌ಗಳನ್ನು ಕಿತ್ತು, ಮಿಕ್ಸರ್ ಇಳಿಸಿ, ಟ್ಯಾಂಕಿನ ಕೊನೆಯಿಂದ ನೀರನ್ನು ಒಳಹರಿವಿನ ಮೂರೂವರೆ ಪಟ್ಟು ಹಿಂದಕ್ಕೆ ತಂದೆ. ಎರಡು ತಿಂಗಳು ಏನೂ ಆಗಲಿಲ್ಲ. ಪಂಪನ್ನು ಡಿಫ್ಯೂಸರಿನ ನೆತ್ತಿಯ ಮೇಲೆಯೇ ಇಟ್ಟಿದ್ದರಿಂದ ಅದು ನೈಟ್ರೇಟಿನ ಜೊತೆಗೆ ಆಮ್ಲಜನಕವನ್ನೂ ಹೊತ್ತು ತರುತ್ತಿತ್ತು. ಅದನ್ನು ಸರಿಸಿದ ಮೇಲೆ ಗಾಳಿಯಿಲ್ಲದ ಆ ಅನಾಕ್ಸಿಕ್ ಭಾಗದ ಡಿಒ (ನೀರಿನಲ್ಲಿ ಕರಗಿದ ಆಮ್ಲಜನಕ) 0.2ಕ್ಕೆ ಇಳಿಯಿತು, ಆದರೂ ನೈಟ್ರೇಟು 25ರ ಕೆಳಗೆ ಬರಲಿಲ್ಲ.

ನಿಜವಾದ ಕಳ್ಳ, ಬಂದ ಕೊಳಚೆಯನ್ನು ಮೊದಲು ಕೂಡಿಡುವ ಈಕ್ವಲೈಸೇಶನ್ ಟ್ಯಾಂಕಿನಲ್ಲಿದ್ದ. ವಾಸನೆ ಬರಬಾರದೆಂದು ಅಲ್ಲಿ ರಾತ್ರಿಯಿಡೀ ಗಾಳಿ ಊದುತ್ತಿದ್ದರು. ನೈಟ್ರೇಟನ್ನು ಅನಿಲವಾಗಿಸುವ ಬ್ಯಾಕ್ಟೀರಿಯಾಗಳಿಗೆ ನಾವು ಉಣಿಸಬೇಕಾಗಿದ್ದ ಬಿಒಡಿ, ಅಂದರೆ ಕೊಳಚೆಯ ಸಾವಯವ ಆಹಾರ, ದಾರಿಯಲ್ಲೇ ಖರ್ಚಾಗುತ್ತಿತ್ತು. ಕೆಲವು ದಿನ ಬೆಲ್ಲದ ನೀರು ಹಾಕಿ ನೋಡಿದೆ, ನೈಟ್ರೇಟು ಥಟ್ಟನೆ ಇಳಿಯಿತು, ಆದರೆ ಇರುವೆಯ ಕಾಟವೂ ಬೆಲ್ಲದ ಬಿಲ್ಲೂ ತಡೆಯಲಾರದಾಯಿತು. ಕೊನೆಗೆ ಆ ಬ್ಲೋವರಿಗೆ ಟೈಮರ್ ಹಾಕಿದೆ. ಎಷ್ಟು ನಿಮಿಷ ಊದಿ ಎಷ್ಟು ನಿಮಿಷ ನಿಲ್ಲಿಸುತ್ತೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ; ಅದು ನನ್ನ ಹೊಟ್ಟೆಪಾಡು. ಮೂರು ವಾರಗಳಲ್ಲಿ ಒಟ್ಟು ಸಾರಜನಕ 9ರಿಂದ 11ರ ನಡುವೆ ನಿಂತಿತು.

ಅಷ್ಟರಲ್ಲಿ ಮತ್ತೊಂದು ಪೆಟ್ಟು. ಬೋರ್‌ವೆಲ್ ಬಿಟ್ಟು ಕಾವೇರಿ ನೀರು ಬಂದೊಡನೆ ಕ್ಷಾರೀಯತೆ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿ) ಕುಸಿದು, ಪಿಎಚ್ 6.2ಕ್ಕೆ ಬಂದು, ಅಮೋನಿಯಾ ಮತ್ತೆ ಮೂವತ್ತಕ್ಕೇರಿತು. ಪ್ರತಿ ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟಾಗಲು 7.14 ಮಿಲಿಗ್ರಾಂ ಕ್ಷಾರೀಯತೆ ಬೇಕು, ನೈಟ್ರೇಟು ಅನಿಲವಾದಾಗ ಅರ್ಧ ಮಾತ್ರ ಮರಳುತ್ತದೆ ಎಂಬ ಲೆಕ್ಕ ಗೊತ್ತಿದ್ದೂ ನಾನು ಮೈಮರೆತಿದ್ದೆ. ದಿನಕ್ಕೆ ಹದಿನೈದು ಕಿಲೋ ಅಡಿಗೆ ಸೋಡಾ ಸುರಿದು ದಡ ಸೇರಿದೆ. ಆ ಖರ್ಚನ್ನು ಹೈಪೋದಲ್ಲಿ, ಅಂದರೆ ರೋಗಾಣು ಕೊಲ್ಲಲು ಹಾಕುವ ಕ್ಲೋರಿನ್ ದ್ರಾವಣದಲ್ಲಿ, ಆದ ಉಳಿತಾಯ ತುಂಬಿಕೊಟ್ಟಿತು. ಅಮೋನಿಯಾ ತಗ್ಗಿದಾಗ ಕ್ಲೋರಿನ್ನನ್ನು ತಿನ್ನುವವರಿಲ್ಲದೆ, ತಿಂಗಳಿಗೆ ಹದಿನೆಂಟು ಸಾವಿರವಿದ್ದ ಬಿಲ್ಲು ಆರಕ್ಕಿಳಿಯಿತು.

ರಂಜಕವನ್ನು ಜೈವಿಕವಾಗಿ ತೆಗೆಯಲು ಜಾಗವಿರಲಿಲ್ಲ. ಕ್ಲಾರಿಫೈಯರಿಗೆ ಮುಂಚೆ ರಂಜಕವನ್ನು ಕೆಸರಿನೊಂದಿಗೆ ತಳಕ್ಕಿಳಿಸುವ ಆಲಂ ಹನಿಸಿ ಏಳರಿಂದ ಒಂದರ ಹತ್ತಿರ ತಂದೆ. ಆಲಂ ಸಹ ಕ್ಷಾರೀಯತೆಯನ್ನು ನುಂಗುವುದರಿಂದ ಸೋಡಾ ಒಂದಿಷ್ಟು ಹೆಚ್ಚಿತು. ಅಗ್ಗವೆಂದು ಫೆರಿಕ್ ಕ್ಲೋರೈಡನ್ನೂ ಒಂದು ತಿಂಗಳು ಪ್ರಯೋಗಿಸಿದೆ. ಫ್ಲಷ್‌ಗೆ ಹೋಗುವುದು ಇದೇ ನೀರಾದ್ದರಿಂದ ಕಮೋಡುಗಳಲ್ಲಿ ಕಂದು ಗೆರೆ ಬಿದ್ದಿದೆಯೆಂದು ಮನೆಮನೆಯಿಂದ ದೂರು ಬಂದು, ಮರುದಿನವೇ ಆಲಂಗೆ ಮರಳಿದೆ.