ಮೇಲ್ ಸರ್ವರ್ ಬದಲಿಸುವ ಮೊದಲು ಆಫೀಸ್ ಸುತ್ತ ಒಂದು ರೌಂಡ್ ಹಾಕಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಮ್ಮದೊಂದು ಬಿಡಿಭಾಗ ತಯಾರಿಸುವ ಕಂಪನಿ. 60 ಜನ, 45 ಮೇಲ್‌ಬಾಕ್ಸ್. ಐಟಿ ಅಂದರೆ ನಾನೊಬ್ಬನೇ. ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಿಕೊಂಡರೂ ನನಗೇ ಫೋನ್. ಹೋದ ವರ್ಷ ಮೇಲ್ ಅನ್ನು ಹಳೆಯ ಹೋಸ್ಟಿಂಗ್‌ನಿಂದ ಆಫೀಸುಗಳಿಗೆ ಜಿಮೇಲ್ ಕೊಡುವ ಗೂಗಲ್ ವರ್ಕ್‌ಸ್ಪೇಸ್‌ಗೂ, ಫೈಲ್ ಸರ್ವರನ್ನು ಹೊಸ ಮಷೀನಿಗೂ ಸಾಗಿಸಿದೆ. ನಿಮ್ಮದೂ ಇಷ್ಟೇ ದೊಡ್ಡ ಆಫೀಸ್ ಆದರೆ ಓದಿ.

ಮೊದಲು ಡೊಮೇನ್ (ಮೇಲ್ ಐಡಿಯಲ್ಲಿ @ ಆದಮೇಲೆ ಬರುವ ಹೆಸರು) ಯಾರ ಅಕೌಂಟಿನಲ್ಲಿದೆ ನೋಡಿ. ನಗಬೇಡಿ. ನಮ್ಮದು ಎಂದೋ ವೆಬ್‌ಸೈಟ್ ಮಾಡಿಕೊಟ್ಟವರ ಹತ್ತಿರ ಇತ್ತು. ಆ ಪುಣ್ಯಾತ್ಮ ಫೋನ್ ಎತ್ತುವುದಕ್ಕೇ 9 ದಿನ ಹಿಡಿಯಿತು. ಲಾಗಿನ್ ಕೈಗೆ ಬರುವ ತನಕ ಲೈಸೆನ್ಸ್‌ಗೆ ದುಡ್ಡು ಕಟ್ಟಬೇಡಿ. ಮೇಲ್ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ರೆಕಾರ್ಡ್ ಬದಲಿಸಲು ಆಗದಿದ್ದರೆ ಹೊಸ ಮೇಲ್‌ಬಾಕ್ಸ್ ಬರೀ ಖಾಲಿ ಡಬ್ಬ.

ಆಮೇಲೆ ಒಂದು ನೋಟ್‌ಬುಕ್ ಹಿಡಿದು ಆಫೀಸ್ ಸುತ್ತಿ. ಮೇಲ್ ಕಳಿಸುವುದು ಬರೀ ಮನುಷ್ಯರಲ್ಲ. ಸ್ಕ್ಯಾನರ್ ಕಳಿಸುತ್ತದೆ, ಸಿಸಿಟಿವಿ ಡಿವಿಆರ್ ಕಳಿಸುತ್ತದೆ, ಹಾಜರಿ ಮಷೀನ್ ಕಳಿಸುತ್ತದೆ. ಇವುಗಳಲ್ಲಿ ಹಳೆಯ ಸರ್ವರಿನ ಹೆಸರು, ಪಾಸ್‌ವರ್ಡ್ ಯಾರೋ ಹಾಕಿ ಮರೆತಿರುತ್ತಾರೆ. ಗೂಗಲ್ ಇಲ್ಲಿ ಮಾಮೂಲಿ ಪಾಸ್‌ವರ್ಡ್ ಒಪ್ಪುವುದಿಲ್ಲ. ಟೂ ಸ್ಟೆಪ್ (ಎರಡು ಹಂತದ ಲಾಗಿನ್) ಆನ್ ಮಾಡಿ ಆ ಮಷೀನಿಗೆಂದೇ ಒಂದು ಆಪ್ ಪಾಸ್‌ವರ್ಡ್ ಪಡೆಯಬೇಕು, ಇಲ್ಲವೇ ಆಫೀಸಿನ ಸ್ಟ್ಯಾಟಿಕ್ ಐಪಿಗೆ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸಕ್ಕೆ, ಎಸ್‌ಎಂಟಿಪಿ ರಿಲೇ (ಪಾಸ್‌ವರ್ಡ್ ಇಲ್ಲದೆ ಮೇಲ್ ಕಳಿಸುವ ದಾರಿ) ತೆರೆಯಬೇಕು. ಬ್ಯಾಂಕ್, ಜಿಎಸ್‌ಟಿ, ಪಿಎಫ್ ಪೋರ್ಟಲ್‌ಗಳಲ್ಲಿ ಯಾವ ಐಡಿ ಕೊಟ್ಟಿದೆ ಅಂತ ಅಕೌಂಟ್ಸ್‌ನವರನ್ನು ಕೇಳಿ. ನಮ್ಮ ಬ್ಯಾಂಕಿನ ಓಟಿಪಿ ಕೆಲಸ ಬಿಟ್ಟು ಹೋದವರೊಬ್ಬರ ಐಡಿಗೆ ಬರುತ್ತಿತ್ತು! ಇಂಥ ಐಡಿಗೆ, ಹಾಗೆಯೇ ಪರ್ಚೇಸ್, ಇನ್ಫೋ ತರಹದವಕ್ಕೆ ಲೈಸೆನ್ಸ್ ಕೊಳ್ಳಬೇಡಿ. ಒಂದೇ ಐಡಿಗೆ ಬಂದ ಮೇಲನ್ನು ಬೇಕಾದವರಿಗೆಲ್ಲ ತಲುಪಿಸುವ ಗ್ರೂಪ್ ಮಾಡಿದರೆ ಸಾಕು, ದುಡ್ಡು ಬೀಳುವುದಿಲ್ಲ.

ದಿನ ಆರಿಸುವಾಗ ಪಂಚಾಂಗಕ್ಕಿಂತ ಜಿಎಸ್‌ಟಿ ಕ್ಯಾಲೆಂಡರ್ ಮುಖ್ಯ. 11ಕ್ಕೆ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ 3ಬಿ, ತಿಂಗಳ ಮೊದಲ ವಾರ ಸಂಬಳ. ನಾವು 20 ದಾಟಿದ ಮೇಲಿನ ಶನಿವಾರ ರಾತ್ರಿ ಇಟ್ಟುಕೊಂಡೆವು. ಮೂರು ದಿನ ಮೊದಲೇ ಎಂಎಕ್ಸ್‌ನ ಟಿಟಿಎಲ್ (ಆ ರೆಕಾರ್ಡನ್ನು ಬೇರೆ ಸರ್ವರ್‌ಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಎಂಬ ಲೆಕ್ಕ) ಇಳಿಸಿಬಿಡಿ. ನಮ್ಮದು 14400 ಸೆಕೆಂಡ್ ಇತ್ತು, ಅಂದರೆ 4 ಗಂಟೆ. ಅದನ್ನು 300 ಮಾಡಿದೆ. ಏನಾದರೂ ಎಡವಟ್ಟಾದರೆ ಬೇಗ ವಾಪಸ್ ಬರಬಹುದು.

ಹಳೆಯ ಮೇಲ್ ಸಾಗಿಸುವುದರಲ್ಲಿ ಒಂದು ಮೋಸ ಇದೆ. ಸರ್ವರಿನಲ್ಲಿರುವುದನ್ನು ಗೂಗಲ್‌ನ ಅಡ್ಮಿನ್ ಕನ್ಸೋಲ್ ಐಮ್ಯಾಪ್ (ಮೇಲನ್ನು ಸರ್ವರಿನಲ್ಲೇ ಇಟ್ಟು ಓದುವ ವಿಧಾನ) ಮೂಲಕ ತಾನೇ ಎಳೆದುಕೊಳ್ಳುತ್ತದೆ. ಆದರೆ ಮೇಲನ್ನು ಪಿಸಿಗೆ ಇಳಿಸಿಕೊಳ್ಳುವ ಪಾಪ್ ವಿಧಾನ ಹಾಕಿಕೊಂಡವರ ಮೇಲ್ ಸಾಮಾನ್ಯವಾಗಿ ಸರ್ವರಿನಲ್ಲಿ ಉಳಿದಿರುವುದಿಲ್ಲ. ಅದು ಅವರ ಪಿಸಿಯಲ್ಲಿ, ಮೇಲ್ ಪ್ರೋಗ್ರಾಂ ಔಟ್‌ಲುಕ್‌ನ ಪಿಎಸ್‌ಟಿ ಫೈಲಿನಲ್ಲಿ ಕೂತಿರುತ್ತದೆ. ನಮ್ಮ ಅಕೌಂಟೆಂಟ್‌ದು 22 ಜಿಬಿ. ಔಟ್‌ಲುಕ್‌ನಲ್ಲಿ ಹಿಡಿದು ಆ ಕಡೆಯಿಂದ ಈ ಕಡೆಗೆ ಎಳೆದು ಹಾಕೋಣ ಅಂತ ಹೊರಟೆ. ಜಿಮೇಲ್‌ಗೆ ಐಮ್ಯಾಪ್‌ನಲ್ಲಿ ದಿನಕ್ಕೆ 500 ಎಂಬಿಗಿಂತ ಜಾಸ್ತಿ ಏರಿಸಲು ಬಿಡುವುದಿಲ್ಲ. ಲೆಕ್ಕ ಹಾಕಿದರೆ 44 ದಿನ! ಕೊನೆಗೆ ಗೂಗಲ್‌ನದೇ ಔಟ್‌ಲುಕ್ ಮೈಗ್ರೇಶನ್ ಟೂಲ್ ಹಾಕಿದೆ. ಅದು ಪಿಎಸ್‌ಟಿಯನ್ನು ನೇರವಾಗಿ ಓದುತ್ತದೆ.

ಶನಿವಾರ ರಾತ್ರಿಯ ಕೆಲಸ ನಿಜಕ್ಕೂ ಚಿಕ್ಕದು. ಹೊಸ ಎಂಎಕ್ಸ್ ಹಾಕಿ, ಹಳೆಯದನ್ನೆಲ್ಲ ತೆಗೆಯಿರಿ. ನಿಮ್ಮ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅಂತ ಹೇಳುವ ಎಸ್‌ಪಿಎಫ್ ರೆಕಾರ್ಡ್ ಒಂದೇ ಇರಬೇಕು. ಎರಡು ಇದ್ದರೆ ಎರಡೂ ಕೆಟ್ಟಂತೆ. ವೆಬ್‌ಸೈಟ್ ಹಳೆಯ ಹೋಸ್ಟಿಂಗ್‌ನಲ್ಲೇ ಉಳಿದರೆ ಆ ಸರ್ವರನ್ನೂ ಅದೇ ಒಂದು ಸಾಲಿನೊಳಗೆ ಸೇರಿಸಿ. ಕಳಿಸಿದ್ದು ನೀವೇ ಅಂತ ಮೇಲ್‌ಗೆ ಸಹಿ ಹಾಕುವ ಡಿಕಿಮ್ ಕೀ ಹಾಕಿ. ಈ ಪರೀಕ್ಷೆಗಳಲ್ಲಿ ಫೇಲಾದ ಮೇಲನ್ನು ಏನು ಮಾಡಬೇಕು ಅಂತ ಹೇಳುವ ಡಿಮಾರ್ಕ್ ಪಾಲಿಸಿಯನ್ನು ಮೊದಲು 'ನನ್' (none, ಏನೂ ಮಾಡಬೇಡಿ) ಅಂತಲೇ ಇಡಿ, ಒಂದು ತಿಂಗಳು ರಿಪೋರ್ಟ್ ನೋಡಿ ಬಿಗಿ ಮಾಡಿ.

ನಾನು ಎಡವಿದ್ದು ಇದಾದ ಮೇಲೆ. ಸೋಮವಾರ ಎಲ್ಲರ ಮೇಲ್ ಓಡುತ್ತಿತ್ತು. ಒಳ್ಳೆ ಮಿರ್ಚಿ ತಿಂದು ಚಹಾ ಕುಡಿದೆ. ಗುರುವಾರ ರಾಜಕೋಟ್‌ನ ಗಿರಾಕಿಯೊಬ್ಬರು ಫೋನ್ ಮಾಡಿ, ವೆಬ್‌ಸೈಟಿನಲ್ಲಿ ಕೊಟೇಶನ್ ಕೇಳಿ ಮೂರು ದಿನ ಆಯಿತಲ್ಲ ಅಂದರು. ಹಳೆಯ ವೆಬ್‌ಮೇಲ್ ತೆರೆದರೆ ಅಲ್ಲಿ 11 ಎನ್‌ಕ್ವೈರಿ ಸುಮ್ನೆ ಬಿದ್ದಿದ್ದವು. ಆದದ್ದು ಇಷ್ಟೇ: ಹಳೆಯ ಹೋಸ್ಟಿಂಗ್ ಸರ್ವರಿಗೆ ನಮ್ಮ ಮೇಲ್ ಊರು ಬಿಟ್ಟಿದ್ದು ಗೊತ್ತಿಲ್ಲ. ವೆಬ್‌ಸೈಟಿನ ಫಾರ್ಮ್ ಕಳಿಸಿದ ಮೇಲನ್ನು ಅದು ಎಂಎಕ್ಸ್ ನೋಡದೆ ತನ್ನಲ್ಲೇ ಇದ್ದ ಹಳೆಯ ಡಬ್ಬಕ್ಕೆ ಹಾಕುತ್ತಿತ್ತು. ಹೋಸ್ಟಿಂಗ್‌ನ ಕಂಟ್ರೋಲ್ ಪ್ಯಾನೆಲ್ ಆದ ಸಿಪ್ಯಾನೆಲ್‌ನಲ್ಲಿ 'ಇಮೇಲ್ ರೂಟಿಂಗ್' ಅಂತ ಇದೆ. ಅದು 'ಲೋಕಲ್' ಇದ್ದದ್ದನ್ನು 'ರಿಮೋಟ್' ಮಾಡಿದೆ, ಅರ್ಧ ನಿಮಿಷದ ಕೆಲಸ. ಎಂಎಕ್ಸ್ ಬದಲಿಸಿದ ರಾತ್ರಿಯೇ ಮಾಡಿ, ನಿಮ್ಮ ವೆಬ್‌ಸೈಟಿನಿಂದ ನೀವೇ ಒಂದು ಎನ್‌ಕ್ವೈರಿ ಕಳಿಸಿ ನೋಡಿ.

ಫೈಲ್ ಸರ್ವರ್ ಇದಕ್ಕಿಂತ ಸುಲಭ. ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಕಮಾಂಡಿನಲ್ಲಿ ಗುರುವಾರ ಒಂದು ಸಲ ಪೂರ್ತಿ ಕಾಪಿ, ಶನಿವಾರ ರಾತ್ರಿ ಬದಲಾದದ್ದಷ್ಟೇ. ಮಿರರ್ (ಎಡಗಡೆ ಬರೆದ ಫೋಲ್ಡರಿನಂತೆಯೇ ಬಲಗಡೆಯದನ್ನು ಮಾಡುವ ಆಯ್ಕೆ) ಹಾಕುವಾಗ ಎಡ ಯಾವುದು, ಬಲ ಯಾವುದು ಎರಡು ಸಲ ಓದಿ. ತಿರುವುಮುರುವಾದರೆ ಅಸಲು ಡೇಟಾವೇ ಅಳಿಸಿಹೋಗುತ್ತದೆ. ಕಾಪಿ ಆಗುವಾಗ ಲೆಕ್ಕಪತ್ರದ ಟ್ಯಾಲಿ ಎಲ್ಲ ಪಿಸಿಗಳಲ್ಲೂ ಮುಚ್ಚಿರಬೇಕು. ಹೊಸ ಪಿಸಿ ಕೊಟ್ಟಿದ್ದರೆ ಹಳೆಯ ನುಡಿ ಫಾಂಟ್‌ಗಳನ್ನೂ ಹಾಕಿ ಕೊಡಿ. ಇಲ್ಲದಿದ್ದರೆ ಯೂನಿಕೋಡ್‌ಗೆ ಮುಂಚಿನ ಕನ್ನಡ ಪತ್ರಗಳೆಲ್ಲ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ಕಾಣುತ್ತವೆ, ಫೈಲ್ ಕೆಟ್ಟಿತು ಅಂತ ನಿಮ್ಮ ಮೇಲೆ ಬರುತ್ತದೆ.

ಹಳೆಯ ಮೇಲ್ ಅಕೌಂಟ್‌ಗಳನ್ನು ಒಂದು ತಿಂಗಳಾದರೂ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಸಿಪ್ಯಾನೆಲ್‌ನ 'ಟ್ರ್ಯಾಕ್ ಡೆಲಿವರಿ' ತೆರೆದು, ಹಳೆಯ ಸರ್ವರಿನ ಮೂಲಕ ಇನ್ನೂ ಯಾರು ಮೇಲ್ ಕಳಿಸುತ್ತಿದ್ದಾರೆ ನೋಡಿ. ನಮ್ಮಲ್ಲಿ 19ನೇ ದಿನ ಒಂದೇ ಒಂದು ಸಾಲು ಬಂತು. ಜನರೇಟರ್ ರೂಮಿನ ಯುಪಿಎಸ್. ಬ್ಯಾಟರಿ ಬದಲಿಸಿ ಅಂತ ಕೇಳುತ್ತಿತ್ತು. ನನ್ನ ನೋಟ್‌ಬುಕ್‌ನಲ್ಲಿ ಅದರ ಹೆಸರೇ ಇರಲಿಲ್ಲ.